ಬೆಂಕಿಯ ಮಗ್ಗುಲಲ್ಲಿ ಎರಡು ಕಪಾಟು

ಅಮೆರಿಕದಲ್ಲಿ ಮಾರಾಟಕ್ಕಿಟ್ಟ ಮನೆಗಳ ಫೋಟೊ ನೋಡುತ್ತ ಹೋದರೆ ಒಂದು ಗೋಡೆ ಮತ್ತೆ ಮತ್ತೆ ಎದುರಾಗುತ್ತದೆ. ನಡುವೆ ಫೈರ್‌ಪ್ಲೇಸ್, ಅದರ ಎಡಕ್ಕೊಂದು ಬಲಕ್ಕೊಂದು ಕಪಾಟು. ಸೊಂಟದೆತ್ತರಕ್ಕೆ ಬಾಗಿಲು, ಅಲ್ಲಿಂದ ಮೇಲಕ್ಕೆ ಸೂರು ಮುಟ್ಟುವವರೆಗೂ ತೆರೆದ ಖಾನೆಗಳು. ಗೋಡೆಗೂ ಕಪಾಟಿಗೂ ನಡುವೆ ಒಂದು ಕಾಗದ ತೂರಿಸುವಷ್ಟೂ ಸಂದು ಕಾಣುವುದಿಲ್ಲ. ಮನೆ ಕಟ್ಟಿದ ದಿನದಿಂದಲೂ ಅಲ್ಲೇ ಇದೆಯೇನೋ ಎಂಬಂತೆ ಕೂತಿರುತ್ತದೆ. ಇದಕ್ಕೆ ಇಲ್ಲಿ ಎಲ್ಲರೂ ‘ಬಿಲ್ಟ್‌-ಇನ್’ ಅನ್ನುತ್ತಾರೆ. ನ್ಯೂಜೆರ್ಸಿಯ ಕನ್ನಡಿಗರ ಮನೆಗಳಲ್ಲಿ ಅಡುಗೆಮನೆ ಹೊಸದು ಮಾಡಿಸಿದ ಖರ್ಚಿನ ಮಾತು ಮುಗಿದ ಮೇಲೆ ಸಾಮಾನ್ಯವಾಗಿ ಮುಂದಿನ ಸರದಿ ಈ ಗೋಡೆಯದು. ಬಡಗಿಯನ್ನು ಕರೆಸಿ, ಅವರು ಹೇಳಿದ ದರ ಕೇಳಿ, ‘ಅಷ್ಟು ಕೊಡೋದಾದ್ರೆ ನಾವೇ ಮಾಡ್ಕೊಳ್ಳೋಣ’ ಎಂದು ಗರಗಸ ಕೊಂಡವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ.

ಹಾಗೆ ಕೈಹಾಕಿದವರಿಗೆ ಬಹಳ ಬೇಗ ಗೊತ್ತಾಗುವ ಸಂಗತಿಯೆಂದರೆ, ಕಪಾಟು ಮಾಡುವುದು ಇಲ್ಲಿ ಅರ್ಧ ಕೆಲಸವೂ ಅಲ್ಲ. ಕೆಲಸವೆಲ್ಲ ಇರುವುದು ಸಂದುಗಳಲ್ಲಿ. ಕೆಲವು ಸಂದುಗಳನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಬೇಕು. ಇನ್ನು ಕೆಲವನ್ನು ಯಾವ ಕಾರಣಕ್ಕೂ ಮುಚ್ಚಕೂಡದು. ಮುಚ್ಚಬೇಕಾದ್ದನ್ನು ಬಿಟ್ಟರೆ ಗೋಡೆ ಅಂದಗೆಡುತ್ತದೆ. ಬಿಡಬೇಕಾದ್ದನ್ನು ಮುಚ್ಚಿದರೆ ಮನೆಯೇ ಉಳಿಯುತ್ತದೆಂಬ ಭರವಸೆಯಿಲ್ಲ.

ಕಪಾಟು ಕೂರುವ ಈ ಎರಡು ಜಾಗ ಹುಟ್ಟಿಕೊಂಡಿದ್ದೇ ಚಿಮಣಿಯ ದೆಸೆಯಿಂದ. ಇಟ್ಟಿಗೆಯ ಒಲೆ, ಅದರ ಮೇಲಿನ ಹೊಗೆಗೂಡು ಎಲ್ಲ ಸೇರಿ ಗೋಡೆಯಿಂದ ಕೋಣೆಯೊಳಕ್ಕೆ ಎದೆಯುಬ್ಬಿಸಿದಂತೆ ಚಾಚಿಕೊಳ್ಳುತ್ತವೆ. ಆಗ ಅದರ ಅಕ್ಕಪಕ್ಕದ ಗೋಡೆ ಹಿಂದೆ ಸರಿದಂತಾಗಿ ಎರಡು ಮೂಲೆ ಉಳಿಯುತ್ತವೆ. ಸೋಫಾ ಹಾಕಲು ಅಗಲ ಸಾಲದು, ಕುರ್ಚಿ ಹಾಕಿದರೆ ಯಾರೂ ಕೂರುವುದಿಲ್ಲ. ಅಲ್ಲಿಗೆ ಹೊಂದುವುದು ಕಪಾಟು ಮಾತ್ರ.

ನಮ್ಮ ಹಳೆಯ ಮಣ್ಣುಗೋಡೆಯ ಮನೆಗಳಿಗೂ ಗೋಡೆಕಪಾಟು ಹೊಸತಲ್ಲ. ಆದರೆ ಅಲ್ಲಿ ಲೆಕ್ಕವೇ ಬೇರೆ. ಗೋಡೆಯೇ ಒಂದೂವರೆ ಎರಡು ಅಡಿ ದಪ್ಪ ಇರುತ್ತಿದ್ದರಿಂದ ಅದರ ಹೊಟ್ಟೆಯಲ್ಲೇ ದೀಪದ ಗೂಡು, ಪಾತ್ರೆಯ ಗೂಡು, ಬಾಗಿಲಿಟ್ಟ ಕಪಾಟು ಎಲ್ಲವೂ ಹಿಡಿಸುತ್ತಿದ್ದವು. ಅಮೆರಿಕದ ಒಳಗೋಡೆಯ ದಪ್ಪ ನಾಲ್ಕೂವರೆ ಇಂಚು. ಮೂರೂವರೆ ಇಂಚಿನ ಮರದ ಕಂಬಗಳು, ಅವುಗಳ ಎರಡೂ ಕಡೆ ಅರ್ಧರ್ಧ ಇಂಚಿನ ಜಿಪ್ಸಂ ಹಲಗೆ, ಅದಕ್ಕೆ ಇಲ್ಲಿಯ ಹೆಸರು ಡ್ರೈವಾಲ್. ಇಂಥ ಗೋಡೆಯೊಳಗೆ ಒಂದು ಪುಸ್ತಕವನ್ನೂ ಇಡಲಾಗದು. ಹಾಗಾಗಿ ಇಲ್ಲಿ ಕಪಾಟು ಗೋಡೆಯ ಮುಂದೆ ನಿಂತು, ತಾನೇ ಗೋಡೆ ಎಂದು ನಟಿಸಬೇಕಾಗುತ್ತದೆ.

ಈ ನಟನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಚಳಿದೇಶದಲ್ಲಿ ಒಲೆ ಶೋಕಿಯ ವಸ್ತುವಾಗಿರಲಿಲ್ಲ, ಜೀವ ಉಳಿಸುವ ಸಾಧನವಾಗಿತ್ತು. ಆದರೆ ತೆರೆದ ಒಲೆಯ ಬಿಸಿಯಲ್ಲಿ ಬಹುಪಾಲು ಹೊಗೆಯ ಜೊತೆಗೇ ಮೇಲೆ ಹೊರಟುಹೋಗುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದಲ್ಲಿ ಕಬ್ಬಿಣದ ಒಲೆ ರೂಪಿಸಿದ್ದು ಈ ಪೋಲು ತಡೆಯಲು. ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ ಯುರೋಪಿನಲ್ಲಿ ಕೌಂಟ್ ರಮ್‌ಫರ್ಡ್ ಎನಿಸಿಕೊಂಡ ಬೆಂಜಮಿನ್ ಥಾಂಪ್ಸನ್ 1796ರಲ್ಲಿ, ಒಲೆಯ ಆಳ ಕಡಿಮೆ ಮಾಡಿ ಪಕ್ಕದ ಗೋಡೆಗಳನ್ನು ಓರೆಯಾಗಿಸಿದರೆ ಬಿಸಿ ಕೋಣೆಗೆ ಮರಳುತ್ತದೆ, ಹೊಗೆಯೂ ಸಲೀಸಾಗಿ ಏರುತ್ತದೆ ಎಂದು ಬರೆದ. ರಮ್‌ಫರ್ಡ್ ಮಾದರಿಯ ಒಲೆ ಕಟ್ಟುವವರು ಇವತ್ತಿಗೂ ಇದ್ದಾರೆ. ಆಮೇಲೆ ನೆಲಮಾಳಿಗೆಗೆ ಫರ್ನೇಸ್ ಬಂದು ಇಡೀ ಮನೆ ಬೆಚ್ಚಗಾಗತೊಡಗಿತು. ಒಲೆಯ ಅಗತ್ಯ ಮುಗಿಯಿತು. ವಿಚಿತ್ರವೆಂದರೆ, ಅಗತ್ಯ ಮುಗಿದ ಮೇಲೆಯೇ ಅದಕ್ಕೆ ಮರ್ಯಾದೆ ಹೆಚ್ಚಿದ್ದು.

ಗುಸ್ತಾವ್ ಸ್ಟಿಕ್ಲಿ ಎಂಬ ಪೀಠೋಪಕರಣ ತಯಾರಕ 1901ರಿಂದ 1916ರವರೆಗೆ ‘ದಿ ಕ್ರಾಫ್ಟ್ಸ್‌ಮನ್’ ಎಂಬ ಪತ್ರಿಕೆ ನಡೆಸಿದ. ಕೈಕೆಲಸದ ಮರ, ಅಲಂಕಾರವಿಲ್ಲದ ನೇರ ಗೆರೆ, ಒಲೆಯ ಸುತ್ತ ಸಂಸಾರ ಎಂಬುದು ಆ ಪತ್ರಿಕೆಯ ಧೋರಣೆ. ಆ ಕಾಲದ ಬಂಗಲೆಗಳಲ್ಲಿ ಒಲೆಯ ಎರಡೂ ಪಕ್ಕ ಗಾಜಿನ ಬಾಗಿಲಿನ ಗಿಡ್ಡ ಪುಸ್ತಕದ ಕಪಾಟು, ಅದರ ಮೇಲೊಂದೊಂದು ಪುಟ್ಟ ಕಿಟಕಿ ಇರುವುದು ಮಾಮೂಲಾಯಿತು. ಫ್ರಾಂಕ್ ಲಾಯ್ಡ್ ರೈಟ್ ಇನ್ನೂ ಮುಂದೆ ಹೋಗಿ ಒಲೆಯನ್ನು ಮನೆಯ ನಟ್ಟನಡುವೆ ಇಟ್ಟ. ಶಿಕಾಗೋದಲ್ಲಿ 1910ರಲ್ಲಿ ಮುಗಿದ ಅವನ ರೋಬಿ ಹೌಸ್‌ನಲ್ಲಿ ಕೂರುವ ಕೋಣೆಗೂ ಊಟದ ಕೋಣೆಗೂ ಮಧ್ಯೆ ನಿಂತಿರುವುದು ಒಲೆಯೇ. ಇವತ್ತಿನ ಉಪನಗರದ ಮನೆಯಲ್ಲಿ ಬಿಳಿ ಬಣ್ಣ ಬಳಿದು ನಿಂತ ಜೋಡಿ ಕಪಾಟು ಆ ಬಂಗಲೆಗಳ ದೂರದ ಸಂಬಂಧಿ. ನಡುವೆ ಟಿ.ವಿ. ಬಂದು ಸೇರಿಕೊಂಡಿದೆ, ಅಷ್ಟೇ. ಬೆಂಕಿಯ ನೆತ್ತಿಯ ಮೇಲೆ ಟಿ.ವಿ. ನೇತುಹಾಕುವುದು ನನ್ನ ದೃಷ್ಟಿಯಲ್ಲಿ ಕುತ್ತಿಗೆಗೂ ಟಿ.ವಿ.ಗೂ ಮಾಡುವ ಅನ್ಯಾಯ. ಆದರೆ ಈ ವಾದದಲ್ಲಿ ಗೆದ್ದವರನ್ನು ನಾನು ಕಂಡಿಲ್ಲ.

ಬೆಂಕಿ ಯಾವ ಜಾತಿಯದು?

ಅಳತೆ ಟೇಪು ತೆಗೆಯುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ಹೊರಗಿನಿಂದ ಎಲ್ಲ ಫೈರ್‌ಪ್ಲೇಸ್‌ಗಳೂ ಒಂದೇ ರೀತಿ ಕಾಣುತ್ತವೆ, ಒಳಗೆ ನಾಲ್ಕು ಬಗೆ. ನೆಲದಿಂದ ಇಟ್ಟಿಗೆಯಲ್ಲೇ ಕಟ್ಟಿಕೊಂಡು ಬಂದ ಒಲೆ ಒಂದು. ಕಾರ್ಖಾನೆಯಲ್ಲಿ ತಯಾರಾದ ಲೋಹದ ಪೆಟ್ಟಿಗೆಯನ್ನು ಮರದ ಚೌಕಟ್ಟಿನೊಳಗೆ ಕೂರಿಸಿ, ಮುಂದೆ ಕಲ್ಲೋ ಟೈಲ್ಸೋ ಅಂಟಿಸಿದ್ದು ಇನ್ನೊಂದು. ಮೂರನೆಯದು ಗಾಜಿನ ಮುಖದ ಗ್ಯಾಸ್ ಒಲೆ. ನಾಲ್ಕನೆಯದು ಬರೀ ವಿದ್ಯುತ್ತಿನ ಹೀಟರು, ಜ್ವಾಲೆಯೆಲ್ಲ ಬೆಳಕಿನಾಟ. ಮುಂಭಾಗದ ಕಲ್ಲು ನೋಡಿ ‘ಇದು ಇಟ್ಟಿಗೆಯದೇ’ ಎಂದುಕೊಂಡರೆ ಮೋಸಹೋಗುವ ಸಂಭವ ಹೆಚ್ಚು. ಬಡಿದಾಗ ಟೊಳ್ಳು ಸದ್ದು ಬರುತ್ತದೆಯೇ, ಒಳಗೆ ತಯಾರಕರ ಲೋಹದ ಚೀಟಿ ಇದೆಯೇ, ಮನೆಯ ಹೊರಗಿನ ಚಿಮಣಿಗೆ ಮರದ ಹಲಗೆ ಹೊದಿಸಿದೆಯೇ ಎಂದು ನೋಡಿದರೆ ಗುಟ್ಟು ತಿಳಿಯುತ್ತದೆ.

ಇಟ್ಟಿಗೆಯ ಒಲೆಗೆ ಅಮೆರಿಕದ ಬಹುಪಾಲು ರಾಜ್ಯಗಳು ಆಧಾರವಾಗಿಟ್ಟುಕೊಂಡಿರುವ ಮನೆಕಟ್ಟುವ ಸಂಹಿತೆ, ಅಂದರೆ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್, ಲೆಕ್ಕ ಹಾಕಿಕೊಟ್ಟಿದೆ. ಒಲೆಯ ಮುಂಭಾಗ ಮತ್ತು ಪಕ್ಕಗಳಿಂದ ಮರ 2 ಇಂಚು ದೂರ ಇರಬೇಕು, ಹಿಂಭಾಗದಿಂದ 4 ಇಂಚು. ಈ ಖಾಲಿ ಜಾಗವನ್ನು ಹತ್ತಿ, ನಾರು, ಫೋಮು ಏನನ್ನೂ ತುರುಕಿ ತುಂಬಬಾರದು. ಬೆಂಕಿ ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಹಬ್ಬದಂತೆ ತಡೆಯಲು ಸುಡದ ವಸ್ತುವಿನ ತಡೆ ಹಾಕುವುದಷ್ಟೇ ಇದಕ್ಕೆ ಅಪವಾದ. ಒಲೆಯ ಬಾಯಿಯ ಸುತ್ತ 6 ಇಂಚಿನೊಳಗೆ ಮರದ ಪಟ್ಟಿಯೂ ಬರಕೂಡದು. ಬಾಯಿಂದ 12 ಇಂಚಿನೊಳಗಿನ ಮರ, ಪ್ರತಿ ಇಂಚು ದೂರಕ್ಕೆ ಎಂಟನೇ ಒಂದಿಂಚಿಗಿಂತ ಹೆಚ್ಚು ಮುಂದೆ ಚಾಚಬಾರದು. ಅಂದರೆ 12 ಇಂಚು ದೂರದಲ್ಲಿದ್ದರೂ ಚಾಚಲು ಸಿಗುವುದು ಒಂದೂವರೆ ಇಂಚು. ಕಪಾಟಿನ ಆಳ ಹೆಚ್ಚಿಸಬೇಕೆಂದು ಅದನ್ನು ಚಿಮಣಿಗಿಂತ ಮುಂದಕ್ಕೆ ಎಳೆಯುವವರು ಈ ಒಂದು ಲೆಕ್ಕದಲ್ಲೇ ಸಿಕ್ಕಿಬೀಳುತ್ತಾರೆ.

ಒಲೆಯ ಮುಂದಿನ ಕಲ್ಲಿನ ಜಗಲಿಗೂ ಅಳತೆಯಿದೆ. ಒಲೆಯ ಬಾಯಿ 6 ಚದರಡಿಗಿಂತ ಚಿಕ್ಕದಿದ್ದರೆ ಜಗಲಿ ಮುಂದಕ್ಕೆ 16 ಇಂಚು, ಎರಡೂ ಪಕ್ಕಕ್ಕೆ 8 ಇಂಚು ಇರಬೇಕು. ಅದಕ್ಕಿಂತ ದೊಡ್ಡದಿದ್ದರೆ 20 ಮತ್ತು 12. ಕಿಡಿ ಹಾರಿ ಬೀಳುವ ಜಾಗ ಅದು. ಕಪಾಟಿನ ಪಾದ ಅದರ ಮೇಲೆ ಏರಿಬರುವಂತಿಲ್ಲ.

ಕಾರ್ಖಾನೆಯ ಪೆಟ್ಟಿಗೆಗೆ ಈ ಅಂಕಿಗಳು ಲೆಕ್ಕಕ್ಕಿಲ್ಲ. ಅಲ್ಲಿ ತಯಾರಕರ ಕೈಪಿಡಿಯೇ ಕಾನೂನು. ಎಷ್ಟು ದೂರ ಎಂಬುದು ಒಂದೊಂದು ಮಾದರಿಗೆ ಒಂದೊಂದು. ಒಲೆಗೆ ಲಂಬವಾಗಿ ನಿಲ್ಲುವ ಗೋಡೆ, ಮೇಲಿನ ಮ್ಯಾಂಟಲ್ ಹಲಗೆ, ಅದು ಎಷ್ಟು ಚಾಚಿದರೆ ಎಷ್ಟು ಎತ್ತರದಲ್ಲಿರಬೇಕು ಎಲ್ಲಕ್ಕೂ ಕೋಷ್ಟಕ ಕೊಟ್ಟಿರುತ್ತಾರೆ. ಕೈಪಿಡಿ ಕಳೆದುಹೋಗಿದ್ದರೆ ಲೋಹದ ಚೀಟಿಯ ಮೇಲಿನ ಮಾದರಿ ಸಂಖ್ಯೆ ಹಿಡಿದು ತರಿಸಿಕೊಳ್ಳಬಹುದು. ಗ್ಯಾಸ್ ಒಲೆಯ ಗಾಜು ಕೈಸುಡುವಷ್ಟು ಕಾಯುತ್ತದೆ. 2015ರಿಂದೀಚೆಗೆ ತಯಾರಾದವಕ್ಕೆ ಮುಂದೆ ಜಾಲರಿ ಕಡ್ಡಾಯವಾದದ್ದು ಮಕ್ಕಳ ಕೈ ಸುಟ್ಟ ಪ್ರಕರಣಗಳ ನಂತರವೇ. ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಇರುವವರ ತಾಪತ್ರಯ ಇನ್ನೊಂದು ತೆರನದು. ಅಲ್ಲಿ 2016ರ ನವೆಂಬರ್‌ನಿಂದ ಹೊಸ ಕಟ್ಟಡಗಳಲ್ಲಿ ಸೌದೆ ಒಲೆ ಹಾಕುವಂತೆಯೇ ಇಲ್ಲ, ಗಾಳಿ ಕೆಡುತ್ತದೆಂದು. ಅದೇ ಕಾರಣಕ್ಕೆ ಹಳೆಯ ಮನೆಯ ಒಲೆಯನ್ನೂ ಗ್ಯಾಸಿಗೆ ಬದಲಿಸಿದ್ದರೆ ಹಳೆಯ ಅಳತೆಯನ್ನು ನಂಬಿ ಕಪಾಟು ಕಟ್ಟುವಂತಿಲ್ಲ.

‘ಇಷ್ಟು ವರ್ಷ ಬೆಚ್ಚಗೆ ಮಾತ್ರ ಆಗ್ತಿತ್ತು, ಸುಡಲಿಲ್ಲವಲ್ಲ’ ಎನ್ನುವ ವಾದ ಆಗಾಗ ಕೇಳಿಬರುತ್ತದೆ. ಮರದ ಸ್ವಭಾವ ಗೊತ್ತಿಲ್ಲದವರ ಮಾತು ಅದು. ಸಾಧಾರಣವಾಗಿ ಮರ ಹೊತ್ತಿಕೊಳ್ಳಲು ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಆದರೆ ಅದಕ್ಕಿಂತ ಎಷ್ಟೋ ಕಡಿಮೆ ಶಾಖದಲ್ಲಿ ವರ್ಷಗಟ್ಟಲೆ ಕಾಯುತ್ತಲೇ ಇದ್ದರೆ ಮರದೊಳಗಿನ ತೇವ, ಅನಿಲಗಳೆಲ್ಲ ಹೊರಟುಹೋಗಿ ಮರ ನಿಧಾನವಾಗಿ ಇದ್ದಿಲಿನತ್ತ ವಾಲುತ್ತದೆ. ಹಾಗೆ ಮಾಗಿದ ಮರ ಮೊದಲಿಗಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳಬಲ್ಲದು. ಹತ್ತು ಚಳಿಗಾಲ ಏನೂ ಆಗಲಿಲ್ಲ ಎಂಬುದು ಹನ್ನೊಂದನೆಯದಕ್ಕೆ ಜಾಮೀನಲ್ಲ. ಆ 2 ಇಂಚಿನ ಖಾಲಿ ಜಾಗದಲ್ಲಿ ಗಾಳಿ ಆಡುತ್ತಿದ್ದರೆ ಮರ ಅಷ್ಟು ಬಿಸಿಯಾಗುವುದೇ ಇಲ್ಲ. ಖಾಲಿ ಜಾಗದ ಕೆಲಸ ಅದು.

ಗೋಡೆ ಬಚ್ಚಿಟ್ಟುಕೊಂಡದ್ದು

ತಿಪಟೂರಿನ ಕಡೆಯ ಸ್ನೇಹಿತರೊಬ್ಬರ ಇಲ್ಲಿಯ ಮನೆಯಲ್ಲಿ ಅಳತೆ ತೆಗೆಯುವಾಗ ನಾನೂ ಇದ್ದೆ. ಗೋಡೆಯ ಹತ್ತಿರ ಮಂಡಿಯೂರಿದ್ದವರು ಅವರ ಹೆಂಡತಿ.

‘ರೀ, ಎಡಗಡೆ ಐವತ್ತೆರಡು. ಬಲಗಡೆ ಐವತ್ತು ಮುಕ್ಕಾಲು.’

‘ಟೇಪು ನೆಟ್ಟಗೆ ಹಿಡಿದಿದ್ದೀಯೇನೇ?’

‘ಬನ್ನಿ, ನೀವೇ ಹಿಡ್ಕೊಳ್ಳಿ ಹಾಗಾದ್ರೆ.’

ಟೇಪು ನೆಟ್ಟಗೇ ಇತ್ತು. ಮನೆ ಕಟ್ಟಿದವರು ಚಿಮಣಿಯನ್ನು ಗೋಡೆಯ ನಡುಮಧ್ಯಕ್ಕೆ ನಿಲ್ಲಿಸಿರಲಿಲ್ಲ. ಬಹುತೇಕ ಮನೆಗಳಲ್ಲಿ ನಿಲ್ಲಿಸಿರುವುದಿಲ್ಲ. ಇದಕ್ಕೆ ಅನುಭವಸ್ಥ ಬಡಗಿಗಳು ಮಾಡುವ ಉಪಾಯ ಸರಳವಾಗಿದೆ. ಎರಡು ಕಪಾಟುಗಳ ಬಾಗಿಲು, ಖಾನೆಗಳನ್ನು ಒಂದೇ ಅಳತೆಗೆ ಮಾಡಿ, ವ್ಯತ್ಯಾಸವನ್ನೆಲ್ಲ ಆಚೆ ಗೋಡೆಯ ಪಕ್ಕದ ಪಟ್ಟಿಯಲ್ಲಿ ನುಂಗಿಸುತ್ತಾರೆ. ನೋಡುವವರ ಕಣ್ಣು ಬಾಗಿಲಿಗೆ ಬಾಗಿಲು ಹೋಲಿಸುತ್ತದೆ, ಮೂಲೆಯ ಪಟ್ಟಿ ಒಂದು ಕಡೆ ಒಂದೂವರೆ ಇಂಚು, ಇನ್ನೊಂದು ಕಡೆ ಎರಡೂಮುಕ್ಕಾಲು ಇದ್ದದ್ದನ್ನು ಯಾರೂ ಗಮನಿಸುವುದಿಲ್ಲ.

ಅಗಲಕ್ಕಿಂತ ದೊಡ್ಡ ತಲೆನೋವು ಗೋಡೆಯ ಮೇಲೆ ಈಗಾಗಲೇ ಇರುವ ಸಾಮಾನುಗಳದು. ಕರೆಂಟಿನ ಪ್ಲಗ್ ಪಾಯಿಂಟ್ ಅಲ್ಲೇ ಇರುತ್ತದೆ. ಅಮೆರಿಕದ ವಿದ್ಯುತ್ ಸಂಹಿತೆಯ ಪ್ರಕಾರ ಗೋಡೆಯ ಬುಡದುದ್ದಕ್ಕೂ ಯಾವ ಜಾಗವೂ ಒಂದು ಪಾಯಿಂಟಿನಿಂದ 6 ಅಡಿಗಿಂತ ದೂರ ಇರಬಾರದು, ಆದ್ದರಿಂದ ಕಪಾಟು ಬರುವ ಕಡೆ ಒಂದಾದರೂ ಸಿಗುವ ಸಂಭವ ಹೆಚ್ಚು. ಅದನ್ನು ಕಪಾಟಿನ ಹಿಂದೆ ಹೂತುಬಿಡುವುದು ಸುಲಭ, ಆದರೆ ತಪ್ಪು. ತಂತಿಯ ಡಬ್ಬಿಗಳೆಲ್ಲ ಗೋಡೆ ಒಡೆಯದೆ ಕೈಗೆ ಸಿಗುವಂತಿರಬೇಕು. ಕಪಾಟಿನ ಬೆನ್ನುಹಲಗೆಯಲ್ಲಿ ಕಿಂಡಿ ಕೊರೆದರೂ ಮುಗಿಯಲಿಲ್ಲ. ಡಬ್ಬಿ ಹಿಂದೆ ಡ್ರೈವಾಲ್‌ನ ಮಟ್ಟದಲ್ಲಿ, ಮುಚ್ಚಳ ಮುಂದೆ ಪ್ಲೈವುಡ್‌ನ ಮಟ್ಟದಲ್ಲಿ ಎಂದಾದರೆ ನಡುವೆ ಮರದ ಅಂಚು ಬಯಲಾಗಿ ಕಿಡಿ ತಾಗುವ ಜಾಗವಾಗುತ್ತದೆ. ಅದಕ್ಕೇ ಮರದ ಮೇಲ್ಮೈಯಲ್ಲಿ ಡಬ್ಬಿಯ ಬಾಯಿ ಮರದ ಮಟ್ಟಕ್ಕೇ ಬರಬೇಕೆಂದು ನಿಯಮ. ಬಾಯಿ ಮುಂದೆ ತರುವ ಪ್ಲಾಸ್ಟಿಕ್ಕಿನ ಚೌಕಟ್ಟು ಅಂಗಡಿಯಲ್ಲಿ ಸಿಗುತ್ತದೆ. ಹೊಸ ತಂತಿ ಎಳೆಯುವುದಿದ್ದರೆ ಪರ್ಮಿಟ್ ಬೇಕು, ಪಾಲಿಕೆಯ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ.

ನೆಲದಲ್ಲಿ ಬಿಸಿಗಾಳಿಯ ಜಾಲರಿ ಇದ್ದರೆ ಕಪಾಟಿನ ಪಾದದೊಳಗೆ ತಗಡಿನ ಕೊಳವೆ ಕೂರಿಸಿ, ಮುಂಭಾಗದ ಕೆಳಪಟ್ಟಿಯಲ್ಲಿ ಹೊಸ ಜಾಲರಿಯಿಂದ ಗಾಳಿ ಬರುವಂತೆ ಮಾಡಬೇಕು. ಗಾಳಿ ವಾಪಸು ಹೋಗುವ ದೊಡ್ಡ ಜಾಲರಿ ಗೋಡೆಯಲ್ಲಿದ್ದರೆ ಅದನ್ನು ಮುಚ್ಚಿದ ದಿನದಿಂದ ಫರ್ನೇಸು ಏದುಸಿರು ಬಿಡಲು ಶುರುಮಾಡುತ್ತದೆ. ಗ್ಯಾಸ್ ಒಲೆಯ ಕವಾಟ ಇನ್ನೂ ಸೂಕ್ಷ್ಮ. ನೆಲದ ಮೇಲೋ ಗೋಡೆಯ ಬುಡದಲ್ಲೋ ಹಿತ್ತಾಳೆಯ ಬಿಲ್ಲೆ, ನಡುವೆ ತೂತು, ಅದಕ್ಕೊಂದು ಉದ್ದದ ಕೀಲಿ. ಕಾಣಲು ಅಲಂಕಾರದ ಸಾಮಾನಿನಂತಿರುವುದರಿಂದ ಹಲವರು ಅದರ ಮೇಲೆ ಕಪಾಟಿನ ಅಡಿಪಾಯ ಕೂರಿಸಿಬಿಡುತ್ತಾರೆ. ಗ್ಯಾಸ್ ಸೋರಿದ ರಾತ್ರಿ ಕೀಲಿ ಹಿಡಿದು ಓಡಿಬಂದರೆ ತೂತೇ ಇಲ್ಲ.

1978ಕ್ಕೂ ಮುಂಚಿನ ಮನೆಯಾದರೆ ಗೋಡೆಯ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕ ನಿಷೇಧಿಸಿದ್ದು ಆ ವರ್ಷ. ಮಕ್ಕಳಿರುವ ಮನೆಯಲ್ಲಿ ಒಣಗಾಗಿ ಉಜ್ಜಿ ಧೂಳೆಬ್ಬಿಸುವ ಮೊದಲು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಹಲಗೆ ಏಕೆ ಬಾಗುತ್ತದೆ

ವಸ್ತುವಿನ ವಿಷಯಕ್ಕೆ ಬಂದರೆ ಊರಿನಲ್ಲಿ ತೇಗ, ಹೊನ್ನೆ, ಹಲಸು ಎಂದು ಮಾತಾಡಿದ ನಮ್ಮವರಿಗೆ ಇಲ್ಲಿಯ ಆಯ್ಕೆ ಸಪ್ಪೆ ಅನ್ನಿಸುತ್ತದೆ. ಪೆಟ್ಟಿಗೆಗೆ ಮುಕ್ಕಾಲು ಇಂಚಿನ ಪ್ಲೈವುಡ್, ಬಣ್ಣ ಬಳಿಯುವ ಬಾಗಿಲಿಗೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ, ಮುಂದಿನ ಚೌಕಟ್ಟಿಗೆ ಪಾಪ್ಲರ್ ಮರ. ಎಂಡಿಎಫ್ ನುಣುಪಾಗಿ ಬಣ್ಣ ಹಿಡಿಯುತ್ತದೆ, ಆದರೆ ಪುಸ್ತಕದ ಭಾರಕ್ಕೆ ಪ್ಲೈವುಡ್‌ಗಿಂತ ಬೇಗ ಬಾಗುತ್ತದೆ. ಸ್ಕ್ರೂ ಅದರ ಅಂಚಿನಲ್ಲಿ ಗಟ್ಟಿಯಾಗಿ ನಿಲ್ಲುವುದೂ ಇಲ್ಲ.

ಒಂದಡಿ ಉದ್ದ ಜೋಡಿಸಿದ ಪುಸ್ತಕಗಳು ಸುಮಾರು ಹತ್ತು ಕೆ.ಜಿ. ತೂಗುತ್ತವೆ. ಹಲಗೆ ಬಾಗುವ ಲೆಕ್ಕ ಎಂಜಿನಿಯರಿಂಗ್‌ನಲ್ಲಿ ಹಲವರು ಓದಿ ಮರೆತದ್ದೇ. ಉದ್ದಕ್ಕೂ ಒಂದೇ ಸಮ ಭಾರ ಹೇರಿದ ಹಲಗೆಯ ಬಾಗು, ಅದರ ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 24 ಇಂಚಿನ ಖಾನೆಯನ್ನು 36 ಇಂಚಿಗೆ ಹಿಗ್ಗಿಸಿದರೆ ಬಾಗು ಒಂದೂವರೆ ಪಟ್ಟಲ್ಲ, ಐದು ಪಟ್ಟು. 48 ಇಂಚು ಮಾಡಿದರೆ ಹದಿನಾರು ಪಟ್ಟು. ಇತ್ತ ದಪ್ಪ ಎರಡು ಪಟ್ಟಾದರೆ ಬಾಗು ಎಂಟನೇ ಒಂದಕ್ಕೆ ಇಳಿಯುತ್ತದೆ. ನಾಲ್ಕಡಿ ಅಗಲದ ಗೂಡಿಗೆ ಅಡ್ಡಡ್ಡ ಒಂದೇ ಹಲಗೆ ಹಾಕಿ ನಿಘಂಟುಗಳನ್ನು ಜೋಡಿಸಿದವರ ಖಾನೆ ಜೋಲಿಯಂತಾಗುವುದು ಹೀಗೆ. ನಡುವೆ ಒಂದು ನಿಲುಹಲಗೆ ಕೊಡಬೇಕು. ಅದು ಬೇಡವೆಂದರೆ ಮುಂದಿನ ಅಂಚಿಗೆ ಒಂದೂವರೆ ಇಂಚು ಎತ್ತರದ ಗಟ್ಟಿಮರದ ಪಟ್ಟಿ ಅಂಟಿಸಬೇಕು. ಅಂಚಿನ ಪಟ್ಟಿಯಿಂದ ಖಾನೆ ದಪ್ಪಗೆ, ಗಂಭೀರವಾಗಿಯೂ ಕಾಣುತ್ತದೆ.

ಎಲ್ಲವನ್ನೂ ಕತ್ತರಿಸಿ ಕೂಡಿಸುವ ತಾಳ್ಮೆ ಇಲ್ಲದವರು ಸಿದ್ಧ ಪೆಟ್ಟಿಗೆ ತರುತ್ತಾರೆ. ಅಡುಗೆಮನೆಯ ಗೋಡೆಗೆ ನೇತುಹಾಕುವ 12 ಇಂಚು ಆಳದ ಕ್ಯಾಬಿನೆಟ್ಟನ್ನು ನೆಲದ ಮೇಲಿನ ಅಡಿಪಾಯದಲ್ಲಿ ಕೂರಿಸಿ, ಮೇಲೆ ಇಕಿಯಾದ ಬಿಲ್ಲಿ ಕಪಾಟು ನಿಲ್ಲಿಸಿ, ಎಲ್ಲಕ್ಕೂ ಒಂದೇ ಮುಖಚೌಕಟ್ಟು ಹೊದಿಸುವುದು ಜನಪ್ರಿಯ ದಾರಿ. 1979ರಿಂದ ಮಾರಾಟದಲ್ಲಿರುವ ಬಿಲ್ಲಿ, ಅದರ ವಿನ್ಯಾಸಕ ಗಿಲ್ಲಿಸ್ ಲುಂಡ್‌ಗ್ರೆನ್ ಎಣಿಸಿರಲಾರದಷ್ಟು ಮನೆಗಳಲ್ಲಿ ಹೀಗೆ ವೇಷ ಮರೆಸಿಕೊಂಡು ನಿಂತಿದೆ. ಇದರಲ್ಲಿ ಕೀಳೇನೂ ಇಲ್ಲ. ಆದರೆ ಸಿದ್ಧ ಪೆಟ್ಟಿಗೆಯ ಬೆನ್ನು ತೆಳು ಹಾಳೆ. ಅದನ್ನು ಗೋಡೆಯ ಕಂಬಕ್ಕೆ ಬಿಗಿಯದೆ ಬರೀ ಡ್ರೈವಾಲ್‌ಗೆ ಸ್ಕ್ರೂ ಹೊಡೆದರೆ ಮಗು ಹತ್ತಿದ ದಿನ ಕೈಕೊಡುತ್ತದೆ. ಗೋಡೆಯ ಕಂಬಗಳು ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತವೆ, ಹುಡುಕಿ ಗುರುತು ಹಾಕಿಕೊಂಡೇ ಮುಂದುವರಿಯಬೇಕು.

ಪೆನ್ಸಿಲು ಗೀರುವ ಹೊತ್ತು

ಮೊದಲು ಗೋಡೆಯ ಬುಡದ ಬೇಸ್‌ಬೋರ್ಡ್ ಪಟ್ಟಿಯನ್ನು ಜೋಪಾನವಾಗಿ ಕಿತ್ತು, ನಾಲ್ಕಿಂಚು ಎತ್ತರದ ಮರದ ಅಡಿಪಾಯ ಇಡುತ್ತಾರೆ. ನೆಲ ಎಲ್ಲೂ ಸಮವಿರುವುದಿಲ್ಲ. ಅದರಲ್ಲೂ ಭಾರದ ಚಿಮಣಿಯ ಬಳಿ ನೆಲ ಇಳಿದಿರುವುದು ಹಳೆಯ ಮನೆಗಳಲ್ಲಿ ಸಾಮಾನ್ಯ. ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೆ ಅಡಿಯಲ್ಲಿ ದೇವದಾರಿನ ತೆಳು ಬೆಣೆಗಳನ್ನು ತೂರಿಸುತ್ತ ಹೋಗಬೇಕು. ಎಡದ ಕಪಾಟಿಗೂ ಬಲದ ಕಪಾಟಿಗೂ ಒಂದೇ ಮಟ್ಟ ಬರಬೇಕು, ನಡುವೆ ಒಲೆ ಅಡ್ಡ. ಅದಕ್ಕೆ ಗೋಡೆಯ ಮೇಲೆ ಕೆಂಪು ಗೆರೆ ಎಳೆಯುವ ಲೇಸರ್ ಮಟ್ಟ ಬಾಡಿಗೆಗೆ ತಂದರೂ ನಷ್ಟವಿಲ್ಲ. ಈ ಹಂತದಲ್ಲಿ ಕಾಲಿಂಚು ಉದಾಸೀನ ಮಾಡಿದವರು ಮುಂದೆ ಪ್ರತಿ ಬಾಗಿಲಿನಲ್ಲೂ ಅದನ್ನು ಅನುಭವಿಸುತ್ತಾರೆ.

ನನಗೆ ಇಡೀ ಕೆಲಸದಲ್ಲಿ ನೋಡಲು ಇಷ್ಟವಾಗುವುದು ಕಪಾಟಿನ ಅಂಚನ್ನು ಗೋಡೆಗೆ ಹೊಂದಿಸುವ ಗಳಿಗೆ. ನ್ಯೂಜೆರ್ಸಿಯ ಹಿರಿಯ ಬಡಗಿಯೊಬ್ಬರು ಮಾಡುತ್ತಿದ್ದುದನ್ನು ಹತ್ತಿರದಿಂದ ನೋಡಿದ್ದೇನೆ. ಕಪಾಟಿನ ಮುಂದಿನ ಪಟ್ಟಿಯನ್ನು ಬೇಕೆಂದೇ ಒಂದಿಂಚು ಹೆಚ್ಚು ಅಗಲ ಇಟ್ಟಿರುತ್ತಾರೆ. ಅದನ್ನು ನೇರ ನಿಲ್ಲಿಸಿ ಇಟ್ಟಿಗೆಗೆ ತಾಗಿಸಿದಾಗ ಮೇಲೆ ತಾಗಿ ಕೆಳಗೆ ಅರ್ಧ ಇಂಚು ಬಿಟ್ಟುಕೊಂಡಿರುತ್ತದೆ, ನಡುವೆ ಒಂದೊಂದು ಇಟ್ಟಿಗೆಯೂ ಒಂದೊಂದು ತರಹ ಮೂತಿ ಚಾಚಿರುತ್ತದೆ. ಕೈವಾರವನ್ನು ಅತಿ ದೊಡ್ಡ ಸಂದಿನಷ್ಟು ತೆರೆದು, ಅದರ ಉಕ್ಕಿನ ಮೊನೆಯನ್ನು ಇಟ್ಟಿಗೆಯ ಮೇಲೆ, ಪೆನ್ಸಿಲಿನ ಮೊನೆಯನ್ನು ಮರದ ಮೇಲೆ ಇಟ್ಟು ಮೇಲಿಂದ ಕೆಳಗೆ ಒಂದೇ ಸಮ ಎಳೆಯುತ್ತಾರೆ. ಕೈ ಅಲುಗಬಾರದು, ಕೈವಾರ ಓರೆಯಾಗಬಾರದು. ಮೊನೆ ಗಾರೆಯ ಗೀರಿಗೆ ಇಳಿದಾಗ ಪೆನ್ಸಿಲೂ ಒಳಕ್ಕೆ ಇಳಿಯುತ್ತದೆ, ಇಟ್ಟಿಗೆ ಉಬ್ಬಿದ ಕಡೆ ಹೊರಕ್ಕೆ ಬರುತ್ತದೆ. ಇಟ್ಟಿಗೆಯ ಓರೆಕೋರೆಯೆಲ್ಲ ಮರದ ಮೇಲೆ ಗೆರೆಯಾಗಿ ಇಳಿದುಬರುತ್ತದೆ. ಆಮೇಲೆ ಸಣ್ಣ ಹಲ್ಲಿನ ಗರಗಸದಲ್ಲಿ ಗೆರೆಯ ಆಚೆಗೆ ಕೊಯ್ದು, ಹಿಂಬದಿಯನ್ನು ಸ್ವಲ್ಪ ಓರೆಯಾಗಿ ಸವರಿ, ಮುಂದಿನ ಅಂಚು ಮಾತ್ರ ತಾಗುವಂತೆ ಉಜ್ಜುತ್ತಾರೆ. ಎರಡು ಸಲ ಇಟ್ಟು ನೋಡಿ, ಮೂರನೇ ಸಲ ತಳ್ಳಿದರೆ ಪಟ್ಟಿ ಇಟ್ಟಿಗೆಗೆ ಕಚ್ಚಿ ಕೂರುತ್ತದೆ.

ಹಾಗಾದರೆ ಮೊದಲು ಹೇಳಿದ 2 ಇಂಚಿನ ಗತಿಯೇನು ಎಂದು ಚುರುಕಿನ ಓದುಗರು ಕೇಳಬಹುದು. ಕಪಾಟಿನ ಪೆಟ್ಟಿಗೆ ಇಟ್ಟಿಗೆಯಿಂದ 2 ಇಂಚು ದೂರವೇ ನಿಂತಿರುತ್ತದೆ. ಮುಂದೆ ಬಂದು ತಾಗುವುದು ಆ ಒಂದು ತೆಳು ಪಟ್ಟಿಯ ಅಂಚು ಮಾತ್ರ. ಒಲೆಯ ಒಳಗಿನ ಬೆಂಕಿಯಿಟ್ಟಿಗೆಯ ಮೇಲ್ಮೈಯಿಂದ ಆ ಅಂಚು 12 ಇಂಚಾದರೂ ದೂರವಿದ್ದರೆ ಸಂಹಿತೆ ಅದಕ್ಕೆ ಒಪ್ಪಿಗೆ ಕೊಡುತ್ತದೆ. ಮುಂದಿನಿಂದ ನೋಡಿದವರಿಗೆ ಸಂದೇ ಇಲ್ಲ, ಹಿಂದೆ ಸಂದು ಹಾಗೇ ಇದೆ.

ಬಣ್ಣದ ಹಂತದಲ್ಲಿ ಆತುರ ಒಳ್ಳೆಯದಲ್ಲ. ಮರದ ಗಂಟುಗಳು ತಿಂಗಳು ಕಳೆದ ಮೇಲೆ ಬಿಳಿ ಬಣ್ಣದಡಿಯಿಂದ ಹಳದಿಯಾಗಿ ಎದ್ದುಬರುತ್ತವೆ, ಕಲೆ ತಡೆಯುವ ಪ್ರೈಮರ್ ಬೇಕೇ ಬೇಕು. ಎಂಡಿಎಫ್‌ನ ಕೊಯ್ದ ಅಂಚು ಬಣ್ಣ ಹೀರುತ್ತಲೇ ಇರುತ್ತದೆ. ಗೋಡೆಗೂ ಕಪಾಟಿಗೂ ಉಳಿದ ಕೂದಲಿನಂಥ ಸಂದುಗಳಿಗೆ ಬಣ್ಣ ಹಿಡಿಯುವ ಕಾಕ್ ಎಂಬ ಮೆತ್ತನೆಯ ಅಂಟು ತುಂಬಿ ಬೆರಳಿನಿಂದ ಸವರುತ್ತಾರೆ. ಬೇಸಿಗೆಯ ಸೆಕೆಯಲ್ಲಿ ಮರ ಹಿಗ್ಗಿರುವಾಗ ಇದನ್ನು ಮಾಡಿದರೆ, ಚಳಿಗಾಲದಲ್ಲಿ ಹೀಟರಿನ ಒಣಗಾಳಿಗೆ ಮರ ಕುಗ್ಗಿ ಕಾಕ್ ಬಿರಿಯುತ್ತದೆ. ಸಂದು ಅತಿ ಅಗಲವಾಗಿರುವ ಚಳಿಗಾಲದಲ್ಲೇ ತುಂಬಿದರೆ ಬೇಸಿಗೆಯಲ್ಲಿ ಅದು ಒತ್ತಿಕೊಳ್ಳುತ್ತದೆಯೇ ಹೊರತು ಬಿರಿಯುವುದಿಲ್ಲ. ಮರವನ್ನೂ ಗ್ಯಾರೇಜಿನಿಂದ ತಂದ ಕೂಡಲೇ ಕತ್ತರಿಸದೆ ಕೆಲವು ದಿನ ಅದೇ ಕೋಣೆಯಲ್ಲಿ ಒರಗಿಸಿಡುವುದು ರೂಢಿ.

ಕಪಾಟು ನಿಂತಿತು. ಇನ್ನು ಅದರಲ್ಲಿ ಏನಿಡಬೇಕು? ಪತ್ರಿಕೆಗಳ ಚಿತ್ರದಲ್ಲಿ ಎರಡು ಹೂದಾನಿ, ಬೆನ್ನು ತಿರುಗಿಸಿದ ಮೂರು ಪುಸ್ತಕ. ನಮ್ಮವರ ಮನೆಯಲ್ಲಿ ಎರಡು ಕಪಾಟಿನಲ್ಲಿ ಒಂದು ದೇವರಿಗೆ ಹೋಗುವುದು ಹೆಚ್ಚುಕಡಿಮೆ ಖಚಿತ. ಇಲ್ಲಿಯ ಮನೆಗಳಿಗೆ ದೇವರಮನೆ ಇರುವುದಿಲ್ಲ, ಬಟ್ಟೆಯ ಕ್ಲಾಸೆಟ್ಟಿನಲ್ಲೋ ಅಡುಗೆಮನೆಯ ಮೂಲೆಯಲ್ಲೋ ದೇವರನ್ನು ಕೂರಿಸಿದವರಿಗೆ ಕೂರುವ ಕೋಣೆಯ ಈ ಗೂಡು ಒಳ್ಳೆಯ ಬಡ್ತಿ. ಕೊಡಗು, ಚಿಕ್ಕಮಗಳೂರಿನ ಹಳೆಯ ಎಸ್ಟೇಟ್ ಬಂಗಲೆಗಳಲ್ಲಿ, ಬೆಂಗಳೂರು ದಂಡುಪ್ರದೇಶದ ಮನೆಗಳಲ್ಲಿ ಬ್ರಿಟಿಷರ ಕಾಲದ ಬೆಂಕಿಗೂಡುಗಳನ್ನು ಕಂಡವರಿಗೆ ಅದರ ಪಕ್ಕ ದೇವರ ಮಂಟಪ ಬರುವುದು ವಿಚಿತ್ರ ಅನ್ನಿಸಬಹುದು, ಅಷ್ಟೇ.

ಆದರೆ ಸಂಹಿತೆ ಬರೆದವರಿಗೆ ನಂದಾದೀಪದ ಕಲ್ಪನೆ ಇರಲಿಲ್ಲ. ಒಲೆಯಿಂದ 2 ಇಂಚು, 6 ಇಂಚು ಎಂದು ಎಚ್ಚರದಿಂದ ಅಳೆದು ಕಟ್ಟಿದ ಕಪಾಟಿನೊಳಗೇ, ಮೇಲಿನ ಖಾನೆಗೆ ಒಂದು ಗೇಣು ಬಿಟ್ಟು ಎಣ್ಣೆದೀಪ ಹಚ್ಚಿಡುವುದನ್ನು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. ಜ್ವಾಲೆಯ ಬಿಸಿ ನೇರ ಮೇಲಕ್ಕೇ ಹೋಗುವುದರಿಂದ ಪಕ್ಕದ ಹಲಗೆಗಿಂತ ನೆತ್ತಿಯ ಹಲಗೆಗೇ ಅಪಾಯ ಹೆಚ್ಚು. ಇದಕ್ಕೆ ನಾನು ಕಂಡ ಅತ್ಯುತ್ತಮ ಪರಿಹಾರ, ಕೆಳಗಿನ ಕಪಾಟಿನ ಮೇಲ್ಹಾಸಿನಡಿ ಒಂದು ಎಳೆದುಕೊಳ್ಳುವ ತಟ್ಟೆ. ಅದರ ಮೇಲೆ ಗ್ರಾನೈಟಿನ ಒಂದು ತುಂಡು. ಪೂಜೆಯ ಹೊತ್ತಿಗೆ ತಟ್ಟೆಯನ್ನು ಹೊರಗೆಳೆದು ದೀಪ ಹಚ್ಚುವುದು, ಜ್ವಾಲೆಯ ಮೇಲೆ ಸೂರಿನವರೆಗೂ ಬಯಲು. ದೀಪ ಆರಿದ ಮೇಲಷ್ಟೇ ಒಳಕ್ಕೆ. ವಿಗ್ರಹಗಳಿರುವ ಖಾನೆಗೆ ಎಲ್‌ಇಡಿ ಪಟ್ಟಿ ಸಾಕು. ಅದರ ಅಡಾಪ್ಟರನ್ನು ಮಾತ್ರ ಮುಚ್ಚಿದ ಜಾಗದಲ್ಲಿ ಸಿಕ್ಕಿಸದೆ ಕೈಗೆ ಸಿಗುವ ಕಡೆ ಇಡಬೇಕು. ಕರ್ಪೂರಕ್ಕೆ ಸ್ಮೋಕ್ ಅಲಾರ್ಮ್ ಕೂಗುತ್ತದೆಂದು ಅದರ ಬ್ಯಾಟರಿ ಕಳಚಿಡುವ ಅಭ್ಯಾಸವಂತೂ, ಒಲೆಯಿರುವ ಕೋಣೆಯಲ್ಲಿ, ಕ್ಷಮಿಸಲಾಗದ್ದು.

ಇಲ್ಲಿ ಮನೆ ಮಾರುವಾಗ ಗೋಡೆಗೆ ಬಿಗಿದದ್ದೆಲ್ಲ ಸಾಮಾನ್ಯವಾಗಿ ಮನೆಯ ಜೊತೆಗೇ ಕೊಂಡವರ ಪಾಲಾಗುತ್ತದೆ. ಬಿಲ್ಟ್‌-ಇನ್ ಕಪಾಟೂ ಅಷ್ಟೇ, ಕಿತ್ತುಕೊಂಡು ಹೋಗುವಂತಿಲ್ಲ. ಬೇಡದ ಗೊಂದಲ ತಪ್ಪಿಸಲು, ತಿಪಟೂರಿನ ಆ ದಂಪತಿ ಮಂಟಪವನ್ನು ಮಾತ್ರ ಕಪಾಟಿನೊಳಗೆ ಪ್ರತ್ಯೇಕ ತುಂಡಾಗಿ, ಹಿಂದಿನಿಂದ ನಾಲ್ಕೇ ಸ್ಕ್ರೂಗಳಲ್ಲಿ ನಿಲ್ಲಿಸಿದ್ದಾರೆ. ಮಾರುವ ಕಾಲ ಬಂದರೆ ಮಂಟಪ ಮಾರಾಟಕ್ಕೆ ಸೇರಿಲ್ಲ ಎಂದು ಒಪ್ಪಂದದಲ್ಲಿ ಒಂದು ಸಾಲು ಬರೆಸಿದರಾಯಿತು. ಕಿತ್ತು ತೆಗೆದ ಬೇಸ್‌ಬೋರ್ಡಿನ ತುಂಡುಗಳನ್ನೂ ಅವರು ಎಸೆದಿಲ್ಲ, ಹಿಂಬದಿಯಲ್ಲಿ ‘ಎಡ’, ‘ಬಲ’ ಎಂದು ಬರೆದು, ಉಳಿದ ಬಣ್ಣದ ಡಬ್ಬಿಯ ಜೊತೆ ಗ್ಯಾರೇಜಿನ ಅಟ್ಟದ ಮೇಲೆ ಇಟ್ಟಿದ್ದಾರೆ.